ಪಡಸಾಲಿ ಸ್ಟೀರಿಯೋ ಯಾರ ಕೈಯಾಗ ಇರಬೇಕು

ಹಳೇ ಸ್ಟೀರಿಯೋ ಮಾರಬೇಕೋ ಇಟ್ಕೋಬೇಕೋ ಅಂತ ಬಳಿಚಕ್ರದ ನಮ್ಮ ತವರುಮನ್ಯಾಗ ದೀಪಾವಳಿಯಿಂದ ಮಾತು ನಡದಾದ. ಹೈದರಾಬಾದಿನವರು ಯಾರೋ ಫೋಟೋ ನೋಡಿ 12 ಸಾವಿರ ಕೊಡ್ತೀವಂದಾರ. ಅಣ್ಣ ಮಾರಿಬಿಡೋಣ ಅಂತಾನ. 2 ಸಾವಿರಕ್ಕ ಹೊಸಾ ಬ್ಲೂಟೂತ್ ಡಬ್ಬಿ ಬರ್ತದ, ಉಳಿದ ರೊಕ್ಕದಾಗ ಬೋರಿನ ಸ್ಟಾರ್ಟರ್ ಆಗ್ತದ ಅಂಬೋದು ಅವನ ಲೆಕ್ಕ. ಲೆಕ್ಕ ತಪ್ಪೇನಿಲ್ಲ. ಆದ್ರ ಈ ಮಾತೆಲ್ಲ ಅಪ್ಪ, ಅಣ್ಣ, ಕಾಕಾ ಮೂವರ ನಡುವೇ ಆತು. ಅವ್ವಗ ಕೇಳಲಿಲ್ಲ, ವೈನಿಗಿ ಕೇಳಲಿಲ್ಲ. ಯಾಕ್ರೀ ಅಂದ್ರ, "ನಿಮಗ ಅದನ್ನ ಹಚ್ಚಲಾಕೇ ಬರಂಗಿಲ್ಲ, ನಿಮಗೇನು ಕೇಳಾದು" ಅಂದ್ರಂತ.

ಈ ಮಾತು ಕೇಳಿದ ಮ್ಯಾಲೆ ನನಗ ಸುಮ್ಮ ಕೂಡಲಾಕ ಆಗಲಿಲ್ಲ. ಹಚ್ಚಲಾಕ ಬರದವರಿಗಿ ಸಾಮಾನಿನ ಮ್ಯಾಲ ಹಕ್ಕಿಲ್ಲ ಅಂತಿದ್ರ, ಹಚ್ಚಾದು ಕಲಿಯೋದೇ ಛಲೋ. ಅದೇನು ಬ್ರಹ್ಮವಿದ್ಯಾ ಅಲ್ಲ. ಕುಕ್ಕರಿನ ಸೀಟಿ, ಗ್ಯಾಸಿನ ರೆಗ್ಯುಲೇಟರ್, ಮಿಕ್ಸರಿನ ಜಾರು, ಹೊಲಿಗಿ ಮಷೀನಿನ ದಾರ, ಇವೆಲ್ಲ ಸಂಭಾಳಸೋ ಕೈಗಿ ನಾಕು ತಿರುಗಣಿ, ಎಂಟು ವಾಯರ್ ಏನು ಭಾರ? ನನ್ನ ಅಭಿಪ್ರಾಯ ಇಷ್ಟೇ: ಹಳೇ ಸ್ಟೀರಿಯೋ ಇದ್ದ ಮನ್ಯಾಗ ಅದನ್ನ ಜೋಡಸೋದು, ನಡಸೋದು ಹೆಣ್ಮಕ್ಕಳು ಕಲಿಬೇಕು, ಅದನ್ನ ನಾವು ಕೂಡೋ ಜಾಗಕ್ಕ ತಂದು ಇಡಬೇಕು, ಮಾರೋ ಮಾತು ಅದಾದ ಮ್ಯಾಲೆ.

ಇದು ಯಾವ ಸಾಮಾನು ಅಂತ ಹೊಸಾ ಸೊಸ್ತೇರಿಗಿ ಗೊತ್ತಿರಲಿಕ್ಕಿಲ್ಲ. 1970ರ ದಶಕದಾಗ ಜಪಾನಿನವರು ಮಾಡಿದ ದೊಡ್ಡ ಪೆಟ್ಟಿಗಿ. ಎರಡೂ ಬಾಜು ಕಟ್ಟಿಗಿ, ಮುಂದ ಬೆಳ್ಳಿ ಬಣ್ಣದ ತಗಡು, ನಡುವ ಉದ್ದನ ಗಾಜು, ಅದರಾಗ ಓಡಾಡೋ ಮುಳ್ಳು. ರೇಡಿಯೋ, ಆವಾಜ ದೊಡ್ಡದು ಮಾಡೋ ಆಂಪ್ಲಿಫೈಯರ್, ಎರಡೂ ಒಂದೇ ಡಬ್ಬಿದಾಗ ಇರ್ತಾವ, ಅದಕ್ಕ ರಿಸೀವರ್ ಅಂತಾರ. ಸ್ಪೀಕರು ಬ್ಯಾರೆ, ಕ್ಯಾಸೆಟ್ ಡೆಕ್ ಬ್ಯಾರೆ. ನಮ್ಮೂರಾಗ ಎಲ್ಲಾ ಕೂಡಿ "ಸ್ಟೀರಿಯೋ" ಅಂದ್ರ ಆತು. ಗಲ್ಫಿಗಿ ದುಡಿಲಾಕ ಹೋದವರು ತಿರುಗಿ ಬರಬೇಕಾದ್ರ ತರ್ತಿದ್ರು, ಹೈದರಾಬಾದಿನ ಕೋಠಿ, ಅಬಿಡ್ಸ್ ಕಡಿ ಕೈ ಬದಲಾಗ್ತಿದ್ವು. ನಮ್ಮ ದೊಡ್ಡಪ್ಪ 1979ರಾಗ ಹಂಗೇ ತಂದದ್ದು. ಎತ್ತಿನ ಜೋಡಿ ತಂದಷ್ಟು ಸಂಭ್ರಮ ಆಗಿತ್ತಂತ. ತಮಾಷಿ ಏನಂದ್ರ, ಅದರ ಮ್ಯಾಲ ಎಫ್.ಎಂ. ಅಂತ ದೊಡ್ಡ ಅಕ್ಷರ ಇದ್ವು. ನಮ್ಮ ದೇಶದಾಗ ಎಫ್.ಎಂ. ಶುರು ಆದದ್ದೇ 1977ರಾಗ, ಅದೂ ಮದರಾಸಿನ್ಯಾಗ. ಬಳಿಚಕ್ರದಾಗ ಎಫ್.ಎಂ. ಹಚ್ಚಿದ್ರ ಬರೇ ಸುಂಯ್ ಅಂತ ಗಾಳಿ ಸಪ್ಪಳ. ಆದ್ರೂ ಬಂದವರಿಗೆಲ್ಲ ಅದೊಂದು ಬಟನ್ ಒತ್ತಿ ಆ ಸುಂಯ್ ಕೇಳಸ್ತಿದ್ರು ದೊಡ್ಡಪ್ಪ.

ಸೆಟ್ಟು ಎಲ್ಲಿ ಕುಂದರ್ತದ ಅನ್ನೋದರ ಮ್ಯಾಲೇ ಯಾರು ಕೇಳ್ತಾರ ಅನ್ನೋದು ನಿಂತಿರ್ತದ. ಇದನ್ನ ಯಾರೂ ಎಣಿಸೋದೇ ಇಲ್ಲ. 1935ರಾಗ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನ್ಯಾಗೇ ಸಣ್ಣ ಯಂತ್ರ ಇಟ್ಟು ಆಕಾಶವಾಣಿ ಶುರು ಮಾಡಿದ್ರು. ಅದೇ ವರ್ಷ ನಮ್ಮ ಕಡಿ, ನಿಜಾಮರ ಹೈದರಾಬಾದಿನ್ಯಾಗೂ ರೇಡಿಯೋ ಸ್ಟೇಶನ್ ಶುರು ಆತು. ಮುಂದ ಅದಕ್ಕ ಡೆಕ್ಕನ್ ರೇಡಿಯೋ ಅಂತ ಹೆಸರು ಬಿತ್ತು, ಉರ್ದು, ತೆಲುಗು, ಮರಾಠಿ ಸಂಗಟ ಕನ್ನಡನೂ ಬರ್ತಿತ್ತು. ಖರೆ ಅವಾಗ ಸೆಟ್ಟು ಇದ್ದದ್ದು ಗೌಡ್ರು, ದೇಸಾಯ್ರು, ವಕೀಲ್ರು ಇಂಥವರ ಮನ್ಯಾಗ, ಅದೂ ಹೊರಗಿನ ಬೈಠಕಿನ್ಯಾಗ. 1950ರಾಗ ಧಾರವಾಡ ಸ್ಟೇಶನ್ ಬಂತು, 1966ರಾಗ ಕಲಬುರಗಿದು ಬಂತು. ಕಲಬುರಗಿ ಬಂದ ಮ್ಯಾಲೆ ನಮ್ಮ ಮಾತು ನಮ್ಮ ಹಾಡು ಪೆಟ್ಟಿಗ್ಯಾಗ ಕೇಳಿದಂಗಾತು. ಅವಾಗೂ ಸೆಟ್ಟು ಪಡಸಾಲಿದಾಗೇ.

ಲೈಸನ್ಸ್ ಪುಸ್ತಕ ನೆನಪದೇನು ದೊಡ್ಡವರಿಗಿ? ರೇಡಿಯೋ ಇಟ್ಕೊಂಡವರು ವರ್ಷಾ ಪೋಸ್ಟಾಫೀಸಿಗಿ ಹೋಗಿ ರೊಕ್ಕ ಕಟ್ಟಿ, ಪುಸ್ತಕದಾಗ ಸಿಕ್ಕಾ ಹೊಡಿಸ್ಕೊಂಡು ಬರಬೇಕಿತ್ತು. 1980ರ ದಶಕದಾಗ ಅದು ತೆಗದ್ರು. ನಮ್ಮ ಮನಿ ಪುಸ್ತಕ ಇನ್ನಾ ಅದ, ಮುತ್ಯಾನ ಹೆಸರಿನ್ಯಾಗ. ನಾ ನೋಡಿದ ಪುಸ್ತಕ ಎಲ್ಲಾ ಗಂಡಸ್ರ ಹೆಸರಿನ್ಯಾಗೇ ಇದ್ವು. ಹಿಂಗಾಗಿ ಕಿವಿ ತಿರುವೋದು ಅವರ ಕೆಲಸ, ಗ್ವಾಡಿ ಆಚೀಗಿ ರೊಟ್ಟಿ ಬಡಕೋತ ಕೇಳೋದು ನಮ್ಮ ಕೆಲಸ.

ಟಿ.ವಿ. ವಿಷಯಾನೂ ಹಂಗೇ. 1975ರ ಆಗಸ್ಟದಿಂದ ಒಂದು ವರ್ಷ, ಸರ್ಕಾರ ಉಪಗ್ರಹದ ಮೂಲಕ ಆರು ರಾಜ್ಯದ ಹಳ್ಳಿಗಳಿಗಿ ಟಿ.ವಿ. ತೋರಸ್ತು, ಸೈಟ್ ಅಂತ ಅದರ ಹೆಸರು. ಕರ್ನಾಟಕದಾಗ ಆರಿಸಿದ್ದು ನಮ್ಮ ಕಲಬುರಗಿ, ರಾಯಚೂರ, ವಿಜಯಪುರ ಜಿಲ್ಲಾಗಳನ್ನ. ಬೆಂಗಳೂರಿಗಿ ಟಿ.ವಿ. ಬರೋಕ್ಕಿಂತ ಮೊದಲೇ ನಮ್ಮ ಹಳ್ಳಿ ಮಂದಿ ನೋಡ್ಯಾರ, ಹೆಮ್ಮಿ ಪಡೋ ಮಾತದು. ಆದ್ರ ಸೆಟ್ಟು ಇಟ್ಟದ್ದು ಸಾಲಿ, ಪಂಚಾಯತಿ ಇಂಥಾ ನಾಕು ಮಂದಿ ಸೇರೋ ಜಾಗದಾಗ, ತೋರಿಸಿದ್ದು ಸಂಜಿಗಿ. ಸಂಜಿಗಿ ಒಲಿ ಮುಂದ ಯಾರು ಇರ್ತಾರ ಅಂತ ನಿಮಗ ಹೇಳಬೇಕಾಗಿಲ್ಲ.

ಅದಕ್ಕೇ ಮೊದಲ ಕೆಲಸ ಜಾಗಾ ಬದಲು ಮಾಡೋದು. ಶೋಕೇಸಿನ ಮ್ಯಾಲಿನ ಖಾನಿಯಿಂದ ಇಳಸ್ರಿ. ಅದರ ಮ್ಯಾಲಿನ ಕ್ರೋಷಾ ಕವರು, ಪ್ಲಾಸ್ಟಿಕ್ ಹೂವಿನ ಕುಂಡ, ಮದಿವಿ ಫೋಟೋ ಎಲ್ಲಾ ತೆಗೀರಿ. ಇದು ಚಂದಕ್ಕ ಹೇಳಿದ್ದಲ್ಲ. ಈ ಸೆಟ್ಟು ನಡೀಬೇಕಾದ್ರ ಬಿಸಿ ಆಗ್ತದ, ಆ ಬಿಸಿ ಹೋಗಲಾಕಂತೇ ಮ್ಯಾಲ ಜಾಳಿಗಿ ಇಟ್ಟಿರ್ತಾರ. ನಮ್ಮ ಕಡಿ ಏಪ್ರಿಲ್-ಮೇ ಬಿಸಲು ನಾ ಹೇಳಬೇಕೇನು? ಮ್ಯಾಲ ಅರಿವಿ ಹೊಚ್ಚಿದ್ರ ಒಳಗಿನ ಟ್ರಾನ್ಸಿಸ್ಟರ್ ಬೆಂದು ಹೋಗ್ತಾವ. ಮ್ಯಾಲ ಒಂದು ಗೇಣು, ಹಿಂದ ನಾಕು ಬೆರಳು ಜಾಗಾ ಬಿಡ್ರಿ. ಅಡಗಿ ಮನಿ ಒಳಗೇ ಬ್ಯಾಡ, ಒಗ್ಗರಣಿ ಹೊಗಿಗಿ ಎಣ್ಣಿ ಪದರ ಕುಂದರ್ತದ. ಅಡಗಿ ಮನಿಗಿ ಹೊಂದಿದ ನಡುಮನ್ಯಾಗ ಇಟ್ರ ಬರೋಬ್ಬರಿ.

ಸ್ಪೀಕರ ಎತ್ತರದ ಮಾತು ಯಾವ ಪುಸ್ತಕದಾಗೂ ನಮ್ಮ ಮನಿಗಿ ಹೊಂದಂಗ ಬರ್ದಿರಂಗಿಲ್ಲ. ಖುರ್ಚಿ ಮ್ಯಾಲ ಕೂಡೋರ ಕಿವಿ ಎತ್ತರಕ್ಕ ಇಡ್ರಿ ಅಂತಾರ ಅವರು. ನಾವು ಕೂಡೋದು ನೆಲದ ಮ್ಯಾಲ, ಚಾಪಿ ಮ್ಯಾಲ. ಗ್ವಾಡಿಗಿ ಮೊಳಿ ಹೊಡದು ಮ್ಯಾಲ ಏರಿಸಿದ್ರ ಹಾಡು ತಲಿ ಮ್ಯಾಲಿಂದ ಹಾದು ಹೋಗ್ತದ, ಅದರಾಗೂ ಆ ಸಣ್ಣ ಚೂಪ ಆವಾಜ ಒಟ್ಟ ಕೇಳಂಗಿಲ್ಲ. ಹಂಗಂತ ಪರಸಿ ಮ್ಯಾಲೇ ಇಟ್ರ ಗುಂಯ್ ಗುಂಯ್ ಅಂತದ. ಒಂದು ಮಣಿ ಮ್ಯಾಲ, ಇಲ್ಲಾ ಎರಡು ಇಟ್ಟಂಗಿ ಮ್ಯಾಲ ಇಡ್ರಿ, ಮೂಲಿಗಿ ಒತ್ತದಂಗ. ಶಹಾಬಾದ ಪರಸಿ ಹಾಸಿದ ಮನ್ಯಾಗ ಆವಾಜ ಪುಟಿದು ಪುಟಿದು ಬರ್ತದ, ಮಾತು ತಿಳಿಯಂಗಿಲ್ಲ. ಅದಕ್ಕ ನಮ್ಮ ಕೌದಿಗಿಂತ ಛಲೋ ಮದ್ದಿಲ್ಲ. ಸ್ಪೀಕರಿನ ಎದುರ ಗ್ವಾಡಿಗಿ ಒಂದು ದಪ್ಪ ಕೌದಿ ಹಾಕಿ ನೋಡ್ರಿ, ಆಮ್ಯಾಗ ನೀವೇ ಹೇಳ್ರಿ. ದೊಡ್ಡ ಸ್ಟುಡಿಯೋದಾಗ ಸಾವಿರಾರು ರೂಪಾಯಿ ಕೊಟ್ಟು ಗ್ವಾಡಿಗಿ ಹಚ್ಚೋದು ಇಂಥದ್ದೇ ಮೆತ್ತನ ಸಾಮಾನು.

ಈಗ ಕರೆಂಟ್. ಇಲ್ಲಿ ಮಾತ್ರ ಅವಸರ ಬ್ಯಾಡ. ಹೊರಗಿನ ದೇಶದಿಂದ ಬಂದ ಸೆಟ್ಟಿನ ಹಿಂದ ಸಣ್ಣ ಗುಂಡನ ಸ್ವಿಚ್ ಇರ್ತದ, 110, 120, 220, 240 ಅಂತ ಬರ್ದಿರ್ತದ. ನಮ್ಮ ಮನಿ ಕರೆಂಟ್ 230. ಬಾಣ 110ರ ಮ್ಯಾಲಿದ್ದಾಗ ನಮ್ಮ ಪ್ಲಗ್ಗಿಗಿ ಹಾಕಿದ್ರ ಸೆಟ್ಟು ಅಲ್ಲೇ ಮುಗೀತು. 240ರ ಮ್ಯಾಲೆ ಇಡ್ರಿ, ನಮ್ಮ ಕಡಿ ವೋಲ್ಟೇಜ್ ರಾತ್ರಿ ಏರಾದು ಎಲ್ಲರಿಗೂ ಗೊತ್ತದ. ಸ್ವಿಚ್ಚೇ ಇಲ್ಲ, ಹಿಂದ ಬರೇ 100 ಅಂತೋ 120 ಅಂತೋ ಬರ್ದಿತ್ತು ಅಂದ್ರ ಅದಕ್ಕ ಕರೆಂಟ್ ಇಳಸೋ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಫ್ರಿಜ್ಜಿಗಿ ಇಟ್ಟಂಥಾ ಸ್ಟೆಬಿಲೈಜರ್ ಇದ್ರ ಇನ್ನಾ ಛಲೋ.

ಹತ್ತು ಹದಿನೈದು ವರ್ಷ ಅಟ್ಟದ ಮ್ಯಾಲ ಇದ್ದ ಸೆಟ್ಟನ್ನ ಸೀದಾ ಪ್ಲಗ್ಗಿಗಿ ಹಾಕಬ್ಯಾಡ್ರಿ. ಒಳಗ ಕೆಪಾಸಿಟರ್ ಅಂತ ಡಬ್ಬಿ ಇರ್ತಾವ, ಭಾಳ ದಿನ ಸುಮ್ಮ ಕುಂತ್ರ ಅವು ಸೊರಗಿರ್ತಾವ. ತಿಳದ ಮೆಕ್ಯಾನಿಕ್ ಇದ್ರ ಮೊದಲ ಸಲ ಸೀರೀಸ್ ಬಲ್ಬಿನ ಮ್ಯಾಲ ಹಚ್ಚತಾನ. ಅಂದ್ರ ಕರೆಂಟ್ ಒಂದು 60 ಇಲ್ಲಾ 100 ವ್ಯಾಟಿನ ಹಳೇ ತಂತಿ ಬಲ್ಬಿನ ಮೂಲಕ ಹಾದು ಸೆಟ್ಟಿಗಿ ಹೋಗ್ತದ. ಬಲ್ಬು ಒಮ್ಮಿ ಝಗ್ ಅಂದು ಮಂಕಾತು ಅಂದ್ರ ಸೆಟ್ಟಿನ ಜೀವ ಛಲೋ ಅದ. ಝಗಝಗ ಉರಕೋತೇ ನಿಂತು ಅಂದ್ರ ಒಳಗ ಎಲ್ಲೋ ಶಾರ್ಟ್ ಅದ, ತೆಗೀರಿ. ಎಲ್.ಇ.ಡಿ. ಬಲ್ಬಿಗಿ ಈ ಕೆಲಸ ಆಗಂಗಿಲ್ಲ. ಇದನ್ನ ನೀವು ಮಾಡಬೇಕಂತಿಲ್ಲ, ಮೆಕ್ಯಾನಿಕಗ ಕೇಳಲಾಕ ಬರಬೇಕು. "ಸೀರೀಸಿನ ಮ್ಯಾಲ ಹಚ್ಚಿ ನೋಡಿದ್ಯೇನಪ?" ಅಂತ ಒಂದು ಮಾತು ಕೇಳಿದ್ರ ಅವನ ರೇಟೂ ಇಳೀತದ, ಮಾತಿನ ಧಾಟಿನೂ ಬದಲಾಗ್ತದ. ಮ್ಯಾಲಿನ ತಗಡು ಮಾತ್ರ ನೀವು ಬಿಚ್ಚಬ್ಯಾಡ್ರಿ. ಪ್ಲಗ್ ಕಿತ್ತ ಮ್ಯಾಲೂ ಆ ಕೆಪಾಸಿಟರಿನ್ಯಾಗ ಕರೆಂಟ್ ಉಳಿದಿರ್ತದ, ಹೊಡಿತದ.

ಸ್ಪೀಕರ್ ವಾಯರ್ ಸೆಟ್ಟು ಬಂದ್ ಇದ್ದಾಗೇ ಜೋಡಿಸ್ರಿ. ಹಿಂದ ಕೆಂಪು ಒಂದು, ಕರಿ ಒಂದು, ಎಡಕ ಬಲಕ ಬ್ಯಾರೆ ಬ್ಯಾರೆ. ಸೆಟ್ಟಿನ ಕೆಂಪು ಸ್ಪೀಕರಿನ ಕೆಂಪಿಗಿ, ಕರಿ ಕರಿಗಿ. ವಾಯರಿನ ಎಳಿ ಚೆಂದಂಗ ಹೊಸೀರಿ, ದಾರ ಸೂಜಿಗಿ ಪೋಣಸಬೇಕಾದ್ರ ಹೊಸೀತೀವಲ್ಲ ಹಂಗ. ಒಂದೇ ಒಂದು ಸಣ್ಣ ಎಳಿ ಹೊರಗ ಉಳದು ಬಾಜೂಕ ತಗಲಿತು ಅಂದ್ರ ಸೆಟ್ಟು ಸುಡಬಹುದು. ಕೆಂಪು-ಕರಿ ಅದಲು ಬದಲಾದ್ರ ಸುಡಂಗಿಲ್ಲ, ಆದ್ರ ಒಂದು ಸ್ಪೀಕರ್ ಮುಂದ ದೂಕಬೇಕಾದ್ರ ಇನ್ನೊಂದು ಹಿಂದ ಜಗ್ತದ, ಎರಡೂ ಕೂಡಿ ಡಗ್ಗದ ಆವಾಜ ನುಂಗಿ ಬಿಡ್ತಾವ. ಹಾಡು ಸಪ್ಪಗ ಕೇಳಿಸ್ತದ, ಉಪ್ಪಿಲ್ಲದ ಸಾರಿನಂಗ. ಗೊತ್ತು ಮಾಡ್ಕೊಳ್ಳಾಕ ಸಣ್ಣ ಉಪಾಯ: ಮೋನೋ ಬಟನ್ ಒತ್ತಿ, ಎರಡೂ ಸ್ಪೀಕರ್ ಎದರಾ ಬದರಾ ಮುಖ ಮಾಡಿ ಹತ್ರ ಇಡ್ರಿ. ಡಗ್ಗ ಮಾಯ ಆದ್ರ ಒಂದೇ ಸ್ಪೀಕರಿನ ಎರಡು ವಾಯರ್ ತಿರುವಿ ಹಾಕ್ರಿ, ಮುಗೀತು.

ಇನ್ನ ಮುಂದಿನ ಬಟನ್ಗೋಳು. ಎಲ್ಲಾ ಕಡೀಕಿಂತ ಹೆಚ್ಚು ಮೋಸ ಮಾಡೋದು ಟೇಪ್ ಮಾನಿಟರ್ ಅಂಬೋ ಒಂದು ಬಟನ್. ಅದು ಒಳಗ ಒತ್ತಿದ್ರ ಸೆಟ್ಟು ಕ್ಯಾಸೆಟ್ ಡೆಕ್ಕಿನ ಮಾತು ಒಂದೇ ಕೇಳ್ತದ, ರೇಡಿಯೋ ಹಚ್ಚಿದ್ರೂ ಮೂಕ, ಫೋನ್ ಜೋಡಿಸಿದ್ರೂ ಮೂಕ. ದೀಪ ಹತ್ತಿರ್ತದ, ಮುಳ್ಳು ಓಡಾಡ್ತದ, ಆವಾಜ ಮಾತ್ರ ಇಲ್ಲ. "ಕೆಟ್ಟಾದ" ಅಂತ ಅಟ್ಟ ಏರಿದ ಸೆಟ್ಟು ಎಷ್ಟೋ ಈ ಒಂದು ಬಟನ್ನಿನ ಸಲುವಾಗೇ ಏರ್ಯಾವ ಅಂತ ಯಾದಗಿರಿಯ ಒಬ್ಬ ಹಿರೇ ಮೆಕ್ಯಾನಿಕ್ ನಕ್ಕೋತ ಹೇಳಿದ್ರು. ನಮ್ಮ ನೆಗೆಣ್ಣಿ ತವರಿನ ಸೆಟ್ಟು ಹಿಂಗೇ ಎಂಟು ವರ್ಷ ಮೂಕಾಗಿತ್ತು. ಒಂದು ಬಟನ್ ಹೊರಗ ತೆಗದ ಕೂಡಲೇ ಮನಿ ತುಂಬ ಮಾತು.

ಫೋನ್ ಜೋಡಸೋದಿದ್ರ ಎ.ಯು.ಎಕ್ಸ್. ಅಂತ ಬರ್ದಲ್ಲಿ ಹಾಕ್ರಿ, ಆಕ್ಸ್ ಅಂತಾರ. ಒಂದು ತುದಿ ಇಯರ್‌ಫೋನಿನಂಗ, ಇನ್ನೊಂದು ತುದಿ ಕೆಂಪು-ಬಿಳಿ ಎರಡು ಪಿನ್ನಿರೋ ವಾಯರ್ ಅಂಗಡಿದಾಗ ಸಿಗ್ತದ. ಫೋನೋ ಅಂತ ಬರ್ದದ್ದು ನೋಡಿ "ಫೋನು ಇಲ್ಲೇ" ಅಂತ ಹಾಕಬ್ಯಾಡ್ರಿ! ಅದು ತಟ್ಟಿ ರೆಕಾರ್ಡಿನ ಜಾಗಾ. ರೆಕಾರ್ಡಿನ ಸೂಜಿಯಿಂದ ಬರೋ ಆವಾಜ ಭಾಳ ಸಣ್ಣದು, ಅದನ್ನ ಎಷ್ಟೋ ಪಟ್ಟು ಹಿಗ್ಗಸಲಾಕ ಆ ಜಾಗಾ ಮಾಡ್ಯಾರ. ಫೋನು ಅಲ್ಲಿ ಹಾಕಿದ್ರ ಚೀರಾಡ್ತದ. ಫೋನಿನ್ಯಾಗ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಇಳಿಸಿಕೊಂಡ್ರ ದೂರದ ಸ್ಟೇಶನ್ನೂ ಗೊರಗೊರ ಇಲ್ಲದ ಈ ಸೆಟ್ಟಿನ್ಯಾಗ ಕೇಳಬಹುದು.

ಸೀದಾ ಗಾಳಿಯಿಂದ ಮೀಡಿಯಂ ವೇವ್ ಹಿಡಿಯೋದೇ ಒಂದು ಬ್ಯಾರೆ ಖುಷಿ. ಕಲಬುರಗಿ ಸ್ಟೇಶನ್ನಿನ ನಂಬರ್ 1107 ಕಿಲೋಹರ್ಟ್ಸ್, ಗಾಜಿನ ಮ್ಯಾಲ 110 ಇಲ್ಲಾ 1100 ಅಂತ ಇದ್ದಲ್ಲಿಂದ ಒಂದು ಕೂದಲೆಳಿ ಮುಂದ. ಹಿಂದ ಕರಿ ಬಣ್ಣದ ಸಣ್ಣ ಕೋಲು ಜೋತಾಡ್ತಿರ್ತದಲ್ಲ, ಅದು ಆಂಟೆನಾ. ಹಲವರು ಸ್ಟೇಶನ್ ಇದ್ದ ದಿಕ್ಕಿಗಿ ಅದರ ತುದಿ ತೋರಸ್ತಾರ, ಅದು ಉಲ್ಟಾ. ಕೋಲಿನ ಬಾಜು ಸ್ಟೇಶನ್ನಿಗಿ ಮುಖ ಮಾಡಬೇಕು. ನಮ್ಮೂರಿಗಿ ಕಲಬುರಗಿ ಬಡಗಣ ದಿಕ್ಕಿಗಿ, ಅದಕ್ಕ ಕೋಲು ಮೂಡಣ-ಪಡುವಣ ಆಗಿ ಅಡ್ಡ ಇರಬೇಕು. ಗೊರಗೊರ ಬಂದ್ರ ಸೆಟ್ಟಿಗಿ ಬೈಬ್ಯಾಡ್ರಿ, ಮೊಬೈಲ್ ಚಾರ್ಜರು, ಎಲ್.ಇ.ಡಿ. ಬಲ್ಬು, ಇನ್ವರ್ಟರ್ ಒಂದೊಂದೇ ಬಂದ್ ಮಾಡಿ ನೋಡ್ರಿ, ಕಳ್ಳ ಸಿಗ್ತಾನ. ಹಗಲಿಗಿ ಹತ್ರದ ಸ್ಟೇಶನ್ ಅಷ್ಟೇ ಬರ್ತಾವ, ಹೊತ್ತು ಮುಳಗಿದ ಮ್ಯಾಲ ದೂರದವು ಒಂದರ ಮ್ಯಾಲ ಒಂದು ಏರ್ಕೋತ ಬರ್ತಾವ. ರಾತ್ರಿ ಆಕಾಶದ ಮ್ಯಾಲಿನ ಪದರಿಗಿ ಬಡದು ತಿರುಗಿ ಬೀಳ್ತಾವ ಅವು. ಹಿಂದಕ ಸಿಲೋನ್ ರೇಡಿಯೋದಾಗ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ನಮ್ಮ ಕಡಿ ಮಂದಿ ಜೀವ ಹಿಡಕೊಂಡು ಕೇಳ್ತಿದ್ದದ್ದೂ ರಾತ್ರಿನೇ.

ಆವಾಜ ತಿರುವಬೇಕಾದ್ರ ಕರಕರ ಅಂದ್ರ ಒಳಗ ಧೂಳ ಅಂತ ತಿಳೀರಿ. ಕೊಬ್ಬರಿ ಎಣ್ಣಿ ಬ್ಯಾಡ, ಚಿಮಣಿ ಎಣ್ಣಿ ಬ್ಯಾಡ್ರೀ ಯವ್ವ! ಎಣ್ಣಿಗಿ ಇನ್ನಷ್ಟು ಧೂಳ ಹತ್ತಿ ಕೆಸರಾಗ್ತದ. ಕಾಂಟ್ಯಾಕ್ಟ್ ಕ್ಲೀನರ್ ಅಂತ ಸ್ಪ್ರೇ ಸಿಗ್ತದ, ಮೆಕ್ಯಾನಿಕ್ ಕಡಿಂದ ಹೊಡಿಸ್ರಿ. ಹಚ್ಚೋ ಮೊದಲು ಆವಾಜ ಸೊನ್ನಿಗಿ ತರ್ರಿ, ಬಂದ್ ಮಾಡಬೇಕಾದ್ರೂ ಸೊನ್ನಿ. ಬೇಸು, ಟ್ರೆಬಲ್ ನಡುವ ಇಡ್ರಿ. ಎರಡೂ ಪೂರ ತಿರುವಿ ಇಡೋ ಚಟ ಜಾತ್ರಿ ಮೈಕಿನವರಿಂದ ಬಂದದ್ದು.

ಇಷ್ಟೆಲ್ಲ ತ್ರಾಸ ಯಾಕ, ಬ್ಲೂಟೂತ್ ಡಬ್ಬಿ ಸಾಕಲ್ಲ ಅಂತ ಅಣ್ಣ ಅಂದದ್ದಕ್ಕ ಉತ್ತರ ಕೊಡ್ಲೇಬೇಕು. ಹೊಲಕ್ಕ ಒಯ್ಯಲಾಕ, ಹತ್ತಿ ಬಿಡಸೋ ಆಳಿನ ನಡುವ ಇಡಲಾಕ ಆ ಡಬ್ಬಿನೇ ಛಲೋ, ನಾನೂ ಒಪ್ತೀನಿ. ಆದ್ರ ಅದು ಯಾರ ಫೋನಿಗಿ ಜೋಡಿ ಆಗಿರ್ತದ ಅವರ ಗುಲಾಮ. ಮನ್ಯಾಗ ದೊಡ್ಡ ಫೋನು ಗಂಡಸ್ರದು, ಹುಡುಗ್ರದು. ಅವರು ಹೊರಗ ಹೋದ್ರ ಹಾಡೂ ಅವರ ಬೆನ್ನಿಗಿ ಹೊರಗ ಹೋಗ್ತದ. ಅವ್ವಗ 68 ವರ್ಷ, ಅಕಿ ಕೈಯಾಗ ಸಣ್ಣ ಬಟನ್ ಫೋನು. ಸ್ಟೀರಿಯೋದ ತಿರುಗಣಿ ಮಾತ್ರ ಅಕಿ ಕಣ್ಣು ಮುಚ್ಚಿ ತಿರುವಬಹುದು, ಪಾಸ್ವರ್ಡ್ ಕೇಳಂಗಿಲ್ಲ, ಚಾರ್ಜ್ ಮುಗಿಯಂಗಿಲ್ಲ. ಇದು ನನಗ ಸಣ್ಣ ಮಾತು ಅನಸಂಗಿಲ್ಲ.

ಎರಡನೇ ಕಾರಣ ಕ್ಯಾಸೆಟ್. ಇದಕ್ಕೇ ನನ್ನ ಜೀವ ತಳಮಳ ಆಗೋದು. ನಮ್ಮ ಕಡಿ ಮನಿ ಮನ್ಯಾಗ ಕ್ಯಾಸೆಟ್ ಅವ, ಅಂಗಡಿದಾಗ ಕೊಂಡದ್ದಲ್ಲ, ಮನ್ಯಾಗ ತುಂಬಿದ್ದು. ಮದಿವ್ಯಾಗ ಅರಿಷಿಣ ಹಚ್ಚೋ ಮುಂದಿನ ಸೋಬಾನ, ತೊಟ್ಟಿಲ ಪದ, ಬೀಸೋಕಲ್ಲಿನ ಪದ, ಏಕಾದಶಿ ರಾತ್ರಿ ಕಡಕೋಳ ಮಡಿವಾಳಪ್ಪನ ತತ್ವಪದ, ಮೊಹರಮ್ಮಿನ ಅಲಾಯಿ ಪದ. ಸ್ಟೀರಿಯೋಕ್ಕ ಡೆಕ್ಕು ಜೋಡಿಸಿ, ಮೈಕು ಹಿಡದು ತುಂಬಿದವು. ಹಾಡಿದವರು ಹೆಚ್ಚು ಮಂದಿ ಈಗ ಇಲ್ಲ. ನಮ್ಮ ಆಯಿ 1986ರಾಗ ಸಣ್ಣವ್ವನ ಮದಿವ್ಯಾಗ ಹಾಡಿದ ನಲವತ್ತು ನಿಮಿಷದ ಕ್ಯಾಸೆಟ್ ಅದ. ಅಕಿ ಓದು ಬರದ ಹೆಣಮಗಳು, ಒಂದು ಪದಾನೂ ಯಾರೂ ಬರ್ಕೊಂಡಿಲ್ಲ. ಸ್ಟೀರಿಯೋ ಮಾರಿದವರು ಡೆಕ್ಕೂ ಸಂಗಟ ಮಾರ್ತಾರ. ಡೆಕ್ಕು ಹೋದ ಮನ್ಯಾಗ ಕ್ಯಾಸೆಟ್ ಯಾಕ ಅಂತ ಅದನ್ನೂ ಗುಜರಿಗಿ ಹಾಕ್ತಾರ. ಹಿಂಗ ಹೋದ ಚೀಲ ನಾನೇ ಎರಡು ಕಂಡೀನಿ, ಒಂದು ಸುರಪುರದಾಗ, ಒಂದು ಶಹಾಪುರದ ನಮ್ಮ ಓಣ್ಯಾಗೇ.

ಕ್ಯಾಸೆಟ್ ಇದ್ದವರು ಮೊದಲು ಅದರ ಮ್ಯಾಲಿನ ಅಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಮುರದು ಬಿಡ್ರಿ. ಅವು ಮುರದ್ರ ಡೆಕ್ಕಿನ ರೆಕಾರ್ಡ್ ಬಟನ್ ಒತ್ತಲಾಕ ಬರಂಗಿಲ್ಲ, ಮೊಮ್ಮಕ್ಕಳು ಆಟಕ್ಕ ಒತ್ತಿ ಆಯಿ ಹಾಡಿನ ಮ್ಯಾಲ ತಮ್ಮ ಕೂಗು ತುಂಬೋದು ತಪ್ಪತದ. ಆಮ್ಯಾಗ ಸೀದಾ ಹಾಡಸಬ್ಯಾಡ್ರಿ. ಭಾಳ ವರ್ಷ ಸುತ್ತಿಟ್ಟ ಟೇಪು ಒಂದಕ್ಕೊಂದು ಅಂಟಿರ್ತದ. ಪೆನ್ಸಿಲ್ ಹಾಕಿ ಕೈಲೇ ನಾಕು ಸುತ್ತು ಸಡಲ ಮಾಡಿ, ಡೆಕ್ಕಿನ್ಯಾಗ ಈ ತುದಿಯಿಂದ ಆ ತುದಿ ತನಕ ಒಮ್ಮಿ ಓಡಿಸಿ, ತಿರುಗಿ ಹಿಂದ ಓಡಿಸಿ, ಆಮ್ಯಾಗ ಹಚ್ಚರಿ. ಟೇಪು ತಾಗೋ ಕಡಿ ಕೆಳಗ ಸಣ್ಣ ಸ್ಪಂಜಿನ ತುಣಕು ಇರ್ತದ, ಅದು ಬಿದ್ದು ಹೋಗಿದ್ರ ಆವಾಜ ಮಣ್ಣು ಮಣ್ಣು ಕೇಳಸ್ತದ. ಹೆಡ್ಡು ಒರಸಲಾಕ ಔಷಧ ಅಂಗಡಿ ಸ್ಪಿರಿಟ್, ಕಡ್ಡಿಗಿ ಸುತ್ತಿದ ಹತ್ತಿ ಸಾಕು. ಡೆಕ್ಕಿನ ಬೆಲ್ಟ್ ಸಡಲಾಗಿದ್ರ ಹಾಡು ಜೋಲಿ ಹೊಡಿತದ, ರಬ್ಬರ್ ಬೆಲ್ಟ್ ಅಷ್ಟೇ ಬದಲಿಸಬೇಕು, ಹೊಸಾ ಡೆಕ್ಕು ಬೇಕಾಗಿಲ್ಲ. ಒಮ್ಮಿ ಛಲೋ ಹಾಡತು ಅಂದ್ರ ಅದೇ ರಾತ್ರಿ, ಫ್ಯಾನ್ ಬಂದ್ ಮಾಡಿ, ಸ್ಪೀಕರಿನ ಮುಂದ ಒಂದು ಮೊಳ ದೂರ ಫೋನ್ ಇಟ್ಟು ರೆಕಾರ್ಡ್ ಮಾಡ್ಕೋರಿ. ಕಂಪ್ಯೂಟರಿಗಿ ವಾಯರ್ ಹಾಕಿ ತುಂಬಿಸಿದ್ರ ಇನ್ನಾ ಸ್ವಚ್ಛ, ಆದ್ರ ಅದಕ್ಕ ಕಾಯ್ಕೋತ ಕೂಡಬ್ಯಾಡ್ರಿ. ಹಾಡಿದವರ ಹೆಸರು, ಊರು, ಯಾರ ಮದಿವಿ ಅಂತ ಸುರುವಿನ್ಯಾಗೇ ನಿಮ್ಮ ಬಾಯಿಂದ ಹೇಳ್ರಿ. ಕ್ಯಾಸೆಟ್ಟಿನ ಮ್ಯಾಲ ಬರದ ಶಾಯಿ ಅಳಿಸಿರ್ತದ, ಆವಾಜದಾಗ ಇದ್ದದ್ದು ಉಳಿತದ.

ಎಲ್ಲಾ ಹಳೇ ಸೆಟ್ಟೂ ಉಳಸ್ರಿ ಅಂತ ನಾ ಹಟ ಹಿಡಿಯಂಗಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ಮಸಿ ಆಗಿತ್ತು, ಇಲಿ ಒಳಗ ಗೂಡು ಕಟ್ಟಿ ವಾಯರ್ ಕಡದಿತ್ತು ಅಂದ್ರ ಬಿಟ್ಟುಬಿಡ್ರಿ. ರಿಪೇರಿ ಖರ್ಚು ಕೈ ಮೀರಿ ಹೋದ್ರೂ ಬಿಡ್ರಿ. ಬೆಂಗಳೂರು ಕಡಿ ಈಗ ಹಳೇ ಸೆಟ್ಟು ಕೂಡಿಹಾಕೋದು ಒಂದು ಶೋಕಿ ಆಗ್ಯಾದ, ರೇಟು ಏರ್ಯಾದ, ಹಚ್ಚದಿದ್ರೂ ಗಾಜಿನ ಕಪಾಟಿನ್ಯಾಗ ಇಡ್ತಾರ. ಅದರ ಬಗ್ಗೆ ನನಗ ಗೌರವ ಅಷ್ಟಕ್ಕಷ್ಟೇ. ನಮ್ಮ ಮನಿ ಶೋಕೇಸಿನ್ಯಾಗ ಮೂಕಾಗಿ ಇಡೋದಕ್ಕೂ ಅವರ ಕಪಾಟಿಗಿ ಹೋಗೋದಕ್ಕೂ ಏನು ಫರಕು? ನಾ ಹೇಳೋದು ಹಚ್ಚೋ ಸೆಟ್ಟಿನ ಮಾತು.

ಮಾರೋದೇ ಆದ್ರೂ ಮೂರು ಮಂದಿ ಅಲ್ಲ, ಐದು ಮಂದಿ ಕೂತು ಮಾತಾಡಬೇಕು. ವೈನಿಗಿ ನಾ ಹೋದ ಐತಾರ ಫೋನಿನ್ಯಾಗೇ ಹೇಳ್ಕೊಟ್ಟೆ: ಆವಾಜ ಸೊನ್ನಿ, ಟೇಪ್ ಮಾನಿಟರ್ ಹೊರಗ, ಎ.ಎಂ.ಗಿ ತಿರುವು, ಮುಳ್ಳು 110ಕ್ಕ, ಕೋಲು ಅಡ್ಡ. ಹತ್ತು ನಿಮಿಷ ಹಿಡೀತು. ಬರೋ ವಾರ ಡೆಕ್ಕಿನ ಬೆಲ್ಟ್ ತರಲಾಕ ಯಾದಗಿರಿಗಿ ಅವರೇ ಹೊಂಟಾರ. ಆಯಿ ಕ್ಯಾಸೆಟ್ಟಿನ ಹಲ್ಲು ಅವ್ವನ ಕೈಲೇ ಮುರಿಸ್ಯಾರ. ನಿಮ್ಮ ಮನಿ ಅಟ್ಟದ ಮ್ಯಾಲ ಏನರ ಇದ್ರ ಹಿಂದಿನ ಸ್ವಿಚ್ಚಿನ ಫೋಟೋ ತೆಗದು ನನಗ ಕಳಸ್ರಿ, ಬಾಣ 110ರ ಮ್ಯಾಲದೋ 240ರ ಮ್ಯಾಲದೋ ನೋಡಿ ಹೇಳ್ತೀನಿ. ಅಲ್ಲೀ ತನಕ ಪ್ಲಗ್ಗಿಗಿ ಹಾಕಬ್ಯಾಡ್ರಿ.